ಮೇಲಿನ ಮನೆ ಭರ್ತಿಯಾಗಿದೆ

ಮಾರ್ಚ್ 2, ಸೋಮವಾರ

ಈ ಡೈರಿ ಬಿಡಿಭಾಗಗಳ ಅಂಗಡಿಯವನು ಹೊಸ ವರ್ಷಕ್ಕೆ ಕೊಟ್ಟದ್ದು. ಇದುವರೆಗೆ ಇದರಲ್ಲಿ ರಿಪೇರಿಗೆ ಹೋಗಬೇಕಾದ ಮನೆಗಳ ವಿಳಾಸ, ಯಾವ ಫ್ರಿಜ್ಜು, ಏನು ತೊಂದರೆ, ಇಷ್ಟೇ ಬರೆದಿದ್ದೇನೆ. ಇವತ್ತು ಬೇರೆ ಏನೋ ಬರೆಯಬೇಕಾಗಿದೆ. ಯಾರ ಹತ್ತಿರವೂ ಹೇಳಿಕೊಳ್ಳುವಂಥ ಮಾತಲ್ಲ.

ನನ್ನ ಹೆಂಡತಿ ಇವತ್ತು ಎರಡು ಮೆಟ್ಟಿಲು ಹತ್ತಿದಳು.

ಹದಿನೈದು ವರ್ಷ ಅಂಚೆಯ ಚೀಲ ಹೆಗಲಿಗೇರಿಸಿ ಬೀದಿ ಬೀದಿ ನಡೆದವಳು, ಐದು ತಿಂಗಳ ಹಿಂದೆ ಯಾವುದೋ ಕಟ್ಟಡದ ಒದ್ದೆ ಮೆಟ್ಟಿಲ ಮೇಲೆ ಜಾರಿ ತೊಡೆಯ ಮೂಳೆ ಮುರಿದುಕೊಂಡಳು. ಒಳಗೆ ಉಕ್ಕಿನ ಸರಳು ಕೂರಿಸಿದ್ದಾರೆ. ಆಸ್ಪತ್ರೆಯಿಂದ ಮೂರನೇ ಮಹಡಿಯ ನಮ್ಮ ಮನೆಗೆ ಅವಳನ್ನು ಹೊತ್ತು ತಂದವನು ನಾನು. ಎಬ್ಬಿಸಿದವನು, ಕೂರಿಸಿದವನು, ಸ್ನಾನ ಮಾಡಿಸಿದವನು, ತಲೆ ಬಾಚಿದವನು ನಾನು. ಜಡೆ ಹಾಕುವುದನ್ನು ಹನ್ನೆರಡು ವರ್ಷದ ಮಗಳ ಹತ್ತಿರ ಕಲಿತೆ. ಎದುರು ಮನೆಯಾಕೆ ತನ್ನ ಗಂಡನಿಗೆ, ಅವರನ್ನು ನೋಡಿ ಕಲಿತುಕೊಳ್ಳಿ ಎಂದದ್ದು ನನ್ನ ಕಿವಿಗೂ ಬಿದ್ದಿದೆ.

ಕಿಟಕಿಯವರೆಗೆ ನಡಿ ಎಂದು ಒಂದು ತಿಂಗಳಿಂದ ಹೇಳುತ್ತಿದ್ದೇನೆ. ನೋವು ಎನ್ನುತ್ತಾಳೆ. ನೋವು ಎಂದ ಕೂಡಲೇ ನಾನು ಹೋಗಿ ಎತ್ತಿಕೊಳ್ಳುತ್ತೇನೆ. ಈಗ ಆಸ್ಪತ್ರೆಯವರು ಎರಡು ವಾರದಿಂದ ಒಬ್ಬ ಫಿಸಿಯೋಥೆರಪಿ ಹುಡುಗಿಯನ್ನು ಕಳಿಸುತ್ತಿದ್ದಾರೆ. ಸೋಮವಾರ, ಬುಧವಾರ, ಶುಕ್ರವಾರ, ನಾಲ್ಕು ಗಂಟೆಗೆ. ಮೂವತ್ತೂ ತುಂಬಿಲ್ಲ. ಬಂದವಳೇ "ಏಳಿ ಅಕ್ಕ" ಎನ್ನುತ್ತಾಳೆ, ಇವಳು ಏಳುತ್ತಾಳೆ. ಮೊದಲ ದಿನದಿಂದಲೇ ಅಕ್ಕ. ಇವತ್ತು ಬಾಗಿಲಾಚೆಯ ಮೆಟ್ಟಿಲ ಹತ್ತಿರ ಕರೆದುಕೊಂಡು ಹೋಗಿ ಎರಡು ಹತ್ತಿಸಿದಳು. ನನ್ನ ಹೆಂಡತಿ ಚಪ್ಪಾಳೆ ತಟ್ಟಿದಳು. ನಾನು ಹಿಂದೆಯೇ ನಿಂತಿದ್ದೆ. ಚಪ್ಪಾಳೆ ತಟ್ಟುವಾಗ ಅವಳು ನೋಡಿದ್ದು ಆ ಹುಡುಗಿಯ ಮುಖವನ್ನು.

ಏನಾದರೂ ಒಂದು ಗುರಿ ಇಟ್ಟುಕೊಳ್ಳಿ ಎಂದಳಂತೆ ಹುಡುಗಿ. ಇವಳು ಬೇಸಿಗೆ ರಜೆಯ ಕಾಡುಬೆಟ್ಟ ಎಂದಳಂತೆ. ಆ ಬೆಟ್ಟದ ಮಾತು ಆಸ್ಪತ್ರೆಯ ಹಾಸಿಗೆಯ ಪಕ್ಕ ಕೂತು ನಾನು ಕೊಟ್ಟದ್ದು. ಬೇಸಿಗೆ ಎಂದರೆ ಊರಿನ ಫ್ರಿಜ್ಜುಗಳೆಲ್ಲ ಒಟ್ಟಿಗೆ ಕೈಕೊಡುವ ಕಾಲ, ನಾವು ಒಂದು ವರ್ಷವೂ ಎಲ್ಲಿಗೂ ಹೋದವರಲ್ಲ. ಈ ಸಲ ಒಂದು ವಾರ ಅಂಗಡಿ ಮುಚ್ಚಿಯಾದರೂ ಕರೆದುಕೊಂಡು ಹೋಗುತ್ತೇನೆ ಎಂದಿದ್ದೆ. ನಾನು ಕೊಟ್ಟ ಮಾತು ಈಗ ಆ ಹುಡುಗಿ ಕೊಟ್ಟ ಗುರಿಯಾಗಿದೆ.

ಮಾರ್ಚ್ 6, ಶುಕ್ರವಾರ

ರಜೆಗೆ ಎಲ್ಲಿ ಉಳಿಯುವುದು ಎಂಬ ಚರ್ಚೆ ಇವತ್ತು ಶುರುವಾಗಿ, ನಾನು ಮನೆಗೆ ಬರುವಷ್ಟರಲ್ಲಿ ಮುಗಿದಿತ್ತು.

ಆ ಹುಡುಗಿಯ ಸೋದರಮಾವ ಬೆಟ್ಟದ ಮೇಲೆ ಒಂದು ಮರದ ಮನೆಯನ್ನು ಪ್ರವಾಸಿಗಳಿಗೆ ಬಾಡಿಗೆಗೆ ಕೊಡುತ್ತಾನಂತೆ. ಬುಡದವರೆಗೆ ಮಾತ್ರ ರಸ್ತೆ. ಅಲ್ಲಿಂದ ಕಾಡಿನೊಳಗೆ ಮೂರು ಕಿಲೋಮೀಟರ್ ಕಾಲುದಾರಿ, ಮಧ್ಯೆ ಒಂದು ತೊರೆ, ಅದಕ್ಕೊಂದು ಹಲಗೆಯ ಸೇತುವೆ. ತಾಯಿ ಮಗಳು ತಲೆಗೆ ತಲೆ ಕೊಟ್ಟು ಹುಡುಗಿಯ ಫೋನಿನಲ್ಲಿ ಫೋಟೋ ನೋಡುತ್ತಿದ್ದರು. ಮಗಳು ಆಗಲೇ ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ದಾರಿ ಬರೆದು, ಅಮ್ಮ ಎಲ್ಲೆಲ್ಲಿ ಕೂತು ದಣಿವಾರಿಸಿಕೊಳ್ಳಬೇಕು ಎಂದು ಗುರುತು ಹಾಕಿದ್ದಳು.

ಅದೇ ಕಾಡಿನಲ್ಲಿ, ಬೆಟ್ಟದ ಬುಡದಲ್ಲಿ, ರಸ್ತೆಗೆ ಅಂಟಿಕೊಂಡಿರುವ ಒಂದು ಗೆಸ್ಟ್‌ಹೌಸನ್ನು ನಾನು ಮೂರು ದಿನ ಹುಡುಕಿ ನೋಡಿಟ್ಟಿದ್ದೆ. ಕಾರು ಬಾಗಿಲವರೆಗೆ ಹೋಗುತ್ತದೆ. ಮೆಟ್ಟಿಲ ಬದಲು ಇಳಿಜಾರು. ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ. ಹೇಳಿದೆ. ಹೆಂಡತಿ, "ಅದೂ ಆಸ್ಪತ್ರೆ ಥರಾನೇ ಇದೆಯಲ್ರೀ" ಎಂದಳು. ಮಗಳು ನಕ್ಕಳು. ಹುಡುಗಿ ನಗಲಿಲ್ಲ. ಅವಳೂ ನಕ್ಕಿದ್ದರೆ ಬೈದುಕೊಳ್ಳಲು ಒಂದು ನೆಪ ಸಿಗುತ್ತಿತ್ತು.

ಊಟಕ್ಕೆ ಕೂತಾಗ "ಅವಳು ಹೇಳಿದ್ದಾಳೆ" ಎಂಬ ಮಾತು ಹನ್ನೊಂದು ಸಲ ಬಂತು. ಎಣಿಸಬೇಕೆಂದು ಕೂತವನಲ್ಲ, ಕಿವಿ ತಾನಾಗಿ ಎಣಿಸಿತು.

ಮಾರ್ಚ್ 11, ಬುಧವಾರ

ಆ ಹುಡುಗಿ ವ್ಯಾಯಾಮ ಹೇಗೆ ಮಾಡಿಸುತ್ತಾಳೋ ನೋಡೋಣ ಎಂದು ಮೂರೂವರೆಗೇ ಬಂದು ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಅವಳು ಬಂದು ಹತ್ತು ನಿಮಿಷ ಆಗಿರಬೇಕು. "ಸರ್, ಸ್ವಲ್ಪ ಹೊತ್ತು ಆಚೆ ಇರ್ತೀರಾ? ನೀವಿದ್ರೆ ಅಕ್ಕ ನಿಮ್ಮ ಕಡೇನೇ ಕೈ ಚಾಚ್ತಾರೆ" ಎಂದಳು.

ಕೈ ಚಾಚಿದರೆ ತಪ್ಪೇನು? ಚಾಚುವುದಕ್ಕಲ್ಲವೇ ನಾನಿರುವುದು?

ನನ್ನ ಮನೆಯ ನನ್ನ ಕೋಣೆಯಿಂದ ಎದ್ದು ಅಡುಗೆಮನೆಗೆ ಬಂದೆ. ಬಾಗಿಲು ಮುಚ್ಚಿಕೊಂಡಿತು. ಏನು ಮಾಡುವುದೆಂದು ತೋಚದೆ ನಮ್ಮ ಫ್ರಿಜ್ಜಿನ ಹಿಂಭಾಗ ಬಿಚ್ಚಿ ನೀರು ಹೋಗುವ ತೂತನ್ನು ತಂತಿ ಹಾಕಿ ಶುಚಿ ಮಾಡಿದೆ. ಅದೇನೂ ಕಟ್ಟಿರಲಿಲ್ಲ. ಒಳಗಿನಿಂದ ನಗು ಕೇಳುತ್ತಿತ್ತು. ಒಬ್ಬಳ ಕಾಲು ನೋಯುತ್ತಿರುವಾಗ ಇಬ್ಬರು ನಗುವಂಥದ್ದು ಏನಿರುತ್ತದೆ?

ಮಾರ್ಚ್ 18, ಬುಧವಾರ

ಸೆಖೆ ಏರಿದೆ. ಇವತ್ತು ಆರು ಮನೆ. ಒಂದರಲ್ಲಿ ಗ್ಯಾಸ್ ಸೋರುತ್ತಿತ್ತು. ಕೊಳವೆಯುದ್ದಕ್ಕೂ ಸಾಬೂನಿನ ನೊರೆ ಹಚ್ಚಿ, ಎಲ್ಲಿ ಗುಳ್ಳೆ ಏಳುತ್ತದೆಂದು ಅರ್ಧ ಗಂಟೆ ನೋಡುತ್ತ ಕೂತೆ.

ಮನೆಗೆ ಬಂದಾಗ ಹಾಸಿಗೆಯ ಪಕ್ಕ ಅವಳ ವ್ಯಾಯಾಮದ ಪುಸ್ತಕ ಬಿದ್ದಿತ್ತು. ತಾನು ಬಂದ ಪ್ರತಿ ದಿನದ ಎದುರಿಗೆ ಆ ಹುಡುಗಿ ಕೆಂಪು ಪೆನ್ನಿನಲ್ಲಿ "ಭೇಷ್" ಎಂದು ಬರೆದು ಒಂದು ನಕ್ಷತ್ರ ಹಾಕಿದ್ದಾಳೆ. ನಲವತ್ತೆರಡು ವರ್ಷದವಳು ಆ ನಕ್ಷತ್ರಗಳನ್ನು ಮಗಳಿಗೆ ತೋರಿಸುತ್ತಾಳೆ. ಕೋಣೆಯಲ್ಲಿ ಯಾರೂ ಇಲ್ಲದಾಗ ಮಗಳ ಪೆಟ್ಟಿಗೆಯಿಂದ ಕೆಂಪು ಪೆನ್ನು ತೆಗೆದು, ಮಂಗಳವಾರದ ಖಾಲಿ ಜಾಗದಲ್ಲಿ ನಾನೂ ಒಂದು ನಕ್ಷತ್ರ ಹಾಕಿದೆ. ಮೂಲೆಗಳು ಸರಿ ಬರಲಿಲ್ಲ.

ಸಂಜೆ ಹೆಂಡತಿ ಅದನ್ನು ನೋಡಿ, ಇದ್ಯಾರು ಗೀಚಿದ್ದು ಎಂದು ಮಗಳನ್ನು ಕೇಳಿದಳು. ನಾನು ಪೇಪರು ಓದುತ್ತಿದ್ದೆ.

ಮಾರ್ಚ್ 27, ಶುಕ್ರವಾರ

ಬರೆದುಬಿಡುತ್ತೇನೆ.

ಬೆಟ್ಟದ ಮೇಲಿನ ಮನೆಗೆ ಫೋನು ಮಾಡಿ ದಿನ ಗೊತ್ತುಮಾಡುವ ಕೆಲಸ ನನ್ನದಾಗಿತ್ತು. ಅದನ್ನು ನಾನೇ ಕೇಳಿ ತೆಗೆದುಕೊಂಡಿದ್ದೆ. ಮಧ್ಯಾಹ್ನ ಅಂಗಡಿಯಿಂದ ಮಾಡಿದೆ. ಹುಡುಗಿಯ ಸೋದರಮಾವ ಗೊಗ್ಗರು ದನಿಯ ಒಳ್ಳೆಯ ಮನುಷ್ಯ. ಮೇ ಹನ್ನೊಂದರಿಂದ ಹದಿನೈದರವರೆಗೆ ಕೋಣೆ ಖಾಲಿ ಇದೆ ಎಂದ. ದಾರಿ ಅಗಲವಾಗಿದೆ, ಎಪ್ಪತ್ತು ದಾಟಿದವರೂ ಕೋಲೂರಿಕೊಂಡು ಬರುತ್ತಾರೆ, ಬಂದವರು ಒಂದೆರಡು ದಿನ ಕಾಲು ಚಾಚಿ ಕೂತು ಆಮೇಲೆ ಇಳಿದರಾಯಿತು ಎಂದ. ಮನೆಯವರನ್ನು ಕೇಳಿ ಹೇಳುತ್ತೇನೆ ಎಂದು ಇಟ್ಟೆ.

ಮನೆಗೆ ಬಂದು, "ಮೇಲಿನ ಮನೆ ಭರ್ತಿಯಾಗಿದೆ" ಎಂದೆ.

ಹೆಂಡತಿ ಕಾಲನ್ನು ಒಂದು ಸಲ ಮಡಚಿ, ಬಿಡಿಸಿದಳು. ಮಗಳು ಕ್ಯಾಲೆಂಡರಿನ ಹಾಳೆಯನ್ನು ಸುರುಳಿ ಸುತ್ತಿ ಕಪಾಟಿನ ಮೇಲೆ ಎಸೆದಳು. ಕೆಳಗಿನ ಗೆಸ್ಟ್‌ಹೌಸಿನಲ್ಲಿ ಜಾಗ ಇದೆ, ಅದನ್ನೇ ಹೇಳಿಬಿಡಲೇ ಎಂದೆ. ಹೇಳಿ ಎಂದಳು.

ಅವಳ ಕಾಲಿಗಾಗಿ ಮಾಡಿದ್ದು. ಆ ಹಲಗೆಯ ಸೇತುವೆಯ ಮೇಲೆ ಜಾರಿದರೆ ಎತ್ತಿಕೊಂಡು ಬರುವವನು ಯಾರು? ಫೋಟೋ ತೋರಿಸಿದವಳು ಬರುತ್ತಾಳೆಯೇ?

ಮಾರ್ಚ್ 28

ಗೆಸ್ಟ್‌ಹೌಸಿನವರು ಒಪ್ಪಿಗೆ ತಿಳಿಸಿದರು. ಮುಂಗಡ ಕಳಿಸಿಬಿಟ್ಟೆ.

ಏಪ್ರಿಲ್ 8, ಬುಧವಾರ

ಗುರಿ ಹೋದ ಮೇಲೆ ಉತ್ಸಾಹವೂ ಇಳಿಯುತ್ತದೆ ಎಂದುಕೊಂಡಿದ್ದೆ. ಇಳಿಯಲಿಲ್ಲ. ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅವಳ ಸ್ನಾನ ಆಗಿರುತ್ತದೆ. ಜಡೆ ಹಾಕಿಕೊಂಡಿರುತ್ತಾಳೆ. ನಾನು ಹಾಕುತ್ತಿದ್ದುದಕ್ಕಿಂತ ಬಿಗಿಯಾಗಿ.

ಇವತ್ತು ಒಂದು ಅಂಗಡಿಯ ದೊಡ್ಡ ಫ್ರಿಜ್ಜಿನ ಕೆಲಸ ಮುಗಿಯುವಾಗ ನಾಲ್ಕೂವರೆ ಆಗಿಹೋಯಿತು. ಓಡುತ್ತ ಮನೆಗೆ ಬಂದರೆ ಬಾಗಿಲಿಗೆ ಬೀಗ. ಎದುರು ಮನೆಯಾಕೆ ಕೆಳಗೆ ನೋಡಿ ಎಂದಳು. ಮೂರು ಮಹಡಿ ಹೇಗೆ ಇಳಿದೆನೋ ಗೊತ್ತಿಲ್ಲ. ಕಟ್ಟಡದ ಹಿಂದಿನ ಬೆಂಚಿನ ಮೇಲೆ ಇಬ್ಬರೂ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಕೋಲು ಬೆಂಚಿಗೆ ಒರಗಿತ್ತು. ನಾನು ಅಷ್ಟು ಹೊತ್ತಿಗೆ ಇಲ್ಲದ ದಿನ ನೋಡಿ, ಅವಳು ಅರವತ್ತು ಮೆಟ್ಟಿಲು ಇಳಿದಿದ್ದಳು.

ಹುಡುಗಿಯ ಮೇಲೆ ಹರಿಹಾಯ್ದೆ. ಆಟವಾಡುತ್ತಿದ್ದೀಯಾ ಎಂದೆ. ಏನೇನೋ ಅಂದೆ. ಕಡೆಗೆ, "ಬಿದ್ದಿದ್ರೆ ಯಾರು ಹೊಣೆ?" ಎಂದೆ.

ಹುಡುಗಿ ಬಾಯಿ ತೆರೆಯುವ ಮೊದಲೇ ಹೆಂಡತಿ, "ನಾನು" ಎಂದಳು.

ಸಿಪ್ಪೆಯನ್ನೆಲ್ಲ ಕಾಗದಕ್ಕೆ ತುಂಬಿ ಹುಡುಗಿಯ ಕೈಗೆ ಕೊಟ್ಟು ಎದ್ದಳು. ಹತ್ತುವಾಗ ಕಂಬಿಗೆ ಒಂದು ಕೈ, ಕೋಲಿಗೆ ಒಂದು ಕೈ. ನನಗೆ ಕೊಡಲು ಮೂರನೆಯದಿರಲಿಲ್ಲ.

ಏಪ್ರಿಲ್ 10, ಶುಕ್ರವಾರ

ಎರಡು ದಿನದಿಂದ ಮನೆಯಲ್ಲಿ ಉಪ್ಪು ಕೊಡಿ, ನೀರು ಕೊಡಿ ಎಂಬಷ್ಟೇ ಮಾತು.

ಸಂಜೆ ಹುಡುಗಿ ಹೊರಡುವಾಗ ಮೆಟ್ಟಿಲ ತಿರುವಿನಲ್ಲಿ ನಾನು ಎದುರಾದೆ. ಪಕ್ಕಕ್ಕೆ ಸರಿದು ಹೋಗುತ್ತಾಳೆ ಎಂದುಕೊಂಡರೆ ನಿಂತಳು. "ಸರ್, ನೀವು ಮಾವನಿಗೆ ಫೋನ್ ಮಾಡಿದ್ರಂತೆ. ಖಾಲಿ ಇದೆ ಅಂತ ಅವರು ಹೇಳಿದ್ರಂತೆ" ಎಂದಳು.

ನಾನು ಸಲಕರಣೆಯ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದೆ.

"ನಾನು ಅಕ್ಕನಿಗೆ ಹೇಳಿಲ್ಲ. ಹೇಳೋದೂ ಇಲ್ಲ. ಅದು ನಿಮ್ಮಿಬ್ಬರದ್ದು" ಎಂದು ಇಳಿದು ಹೋದಳು.

ಚಾಡಿ ಹೇಳಿದ್ದರೆ ಎಷ್ಟೋ ಚೆನ್ನಾಗಿತ್ತು. ದೊಡ್ಡತನವೂ ಅವಳ ಪಾಲಿಗೇ ಹೋಯಿತು. ನನ್ನ ಅರ್ಧ ವಯಸ್ಸಿನವಳು ನನ್ನನ್ನು ಕ್ಷಮಿಸಿ ಚೀಲ ಹೆಗಲಿಗೆ ಹಾಕಿಕೊಂಡು ಮುಂದಿನ ಮನೆಗೆ ನಡೆದಳು. ಇದಕ್ಕಿಂತ ಉರಿಯುವಂಥದ್ದು ಇನ್ನೇನಿದೆ.

ಏಪ್ರಿಲ್ 24, ಶುಕ್ರವಾರ

ಇವತ್ತು ಫಿಸಿಯೋಥೆರಪಿಯಾಕೆ ಬರುವ ಕೊನೆಯ ದಿನ. ಆಸ್ಪತ್ರೆಯ ಲೆಕ್ಕದಲ್ಲಿ ಇನ್ನು ಮನೆಗೆ ಬರುವ ಅಗತ್ಯವಿಲ್ಲವಂತೆ. ಬೆಳಿಗ್ಗೆಯಿಂದ ನನಗೆ ಹಬ್ಬ. ಒಂದು ಮನೆಯಲ್ಲಿ ಕೆಲಸ ಮಾಡುವಾಗ ಸಿಳ್ಳೆ ಹಾಕಿಕೊಂಡೆ, ಆ ಮನೆಯಾಕೆ ಒಳಗಿನಿಂದ ಬಂದು ನೋಡಿದಳು.

ಸಂಜೆ ಹೆಂಡತಿ ಅತ್ತಳು. ಆಕೆ ಅಳಲಿಲ್ಲ. ಪುಸ್ತಕದ ಕೊನೆಯ ಪುಟದಲ್ಲಿ ಇನ್ನು ಮುಂದೆ ದಿನಕ್ಕೆ ಎರಡು ಸಲ ಏನೇನು ಮಾಡಬೇಕೆಂದು ಬರೆದುಕೊಟ್ಟು, ನನಗೂ ನಮಸ್ಕಾರ ಹೇಳಿ ಹೋದಳು. ಬಾಗಿಲವರೆಗೆ ಹೋಗಿ ಬೀಳ್ಕೊಟ್ಟೆ. ಇಷ್ಟು ದಿನ ಅಷ್ಟೂ ಮಾಡಿರಲಿಲ್ಲ.

ಆರು ಗಂಟೆಗೆ ಹೆಂಡತಿ ವ್ಯಾಯಾಮಕ್ಕೆ ಕೋಣೆಗೆ ಹೋದಳು. ನಾನು ಕುರ್ಚಿ ಎತ್ತಿಕೊಂಡು ಹಿಂದೆಯೇ ಹೊರಟೆ. ಬಾಗಿಲು ಮುಚ್ಚಿಕೊಂಡಿತು. ಒಳಗೆ ಅವಳೊಬ್ಬಳೇ. ಒಂದು, ಎರಡು, ಮೂರು ಎಂದು ತನ್ನಷ್ಟಕ್ಕೆ ಎಣಿಸಿಕೊಳ್ಳುತ್ತಿದ್ದಳು. ಕುರ್ಚಿ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ. ನನ್ನನ್ನು ಆಚೆ ಕಳಿಸುವವಳು ಹೋಗಿಯಾಗಿತ್ತು, ನಾನು ಆಚೆಯೇ ಇದ್ದೆ.

ಮೇ 3, ಭಾನುವಾರ

ಬೆಳಿಗ್ಗೆ ಅವಳು ಚಹಾ ಮಾಡುತ್ತಿದ್ದಳು. ಏಳು ತಿಂಗಳಲ್ಲಿ ಮೊದಲ ಸಲ ಒಲೆಯ ಮುಂದೆ ಕೋಲಿಲ್ಲದೆ ನಿಂತಿದ್ದಳು. ಮಗಳು ಇನ್ನೂ ಎದ್ದಿರಲಿಲ್ಲ. ಯಾವ ಪೀಠಿಕೆಯೂ ಇಲ್ಲದೆ ಹೇಳಿಬಿಟ್ಟೆ. ಮೇಲಿನ ಮನೆ ಭರ್ತಿಯಾಗಿರಲಿಲ್ಲ, ನಾನು ಸುಳ್ಳು ಹೇಳಿದೆ ಎಂದು.

ಅವಳು ಚಹಾ ಸೋಸುವುದನ್ನು ನಿಲ್ಲಿಸಲಿಲ್ಲ. "ಗೊತ್ತು" ಎಂದಳು.

ಆ ಫಿಸಿಯೋ ಮೇಡಂ ಹೇಳಿದರೇ ಎಂದೆ. ಅಲ್ಲವಂತೆ. ನಾನು ಹೇಳಿದ ಮರುದಿನವೇ, ಯಾರಾದರೂ ಬೇಡವೆಂದರೆ ನಮಗೆ ಕೊಡಿ ಎಂದು ಕೇಳಲು ತಾನೇ ಫೋನು ಮಾಡಿದ್ದಳಂತೆ. ಆ ಸೋದರಮಾವ, ಖಾಲಿಯೇ ಇದೆಯಲ್ಲಮ್ಮ, ನಿನ್ನೆ ನಿಮ್ಮ ಯಜಮಾನರಿಗೆ ಹೇಳಿದೆನಲ್ಲ ಎಂದನಂತೆ. ಐದು ವಾರದಿಂದ ಅವಳಿಗೆ ಗೊತ್ತಿತ್ತು. ಐದು ವಾರ ನಾನು ಬಡಿಸಿದ್ದನ್ನು ಉಂಡಳು, ಗೆಸ್ಟ್‌ಹೌಸಿನ ಇಳಿಜಾರಿನ ವರ್ಣನೆ ಕೇಳಿದಳು.

ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀವೇ ಹೇಳ್ತೀರ ಅಂತ ಕಾಯ್ತಿದ್ದೆ." ಲೋಟ ನನ್ನ ಮುಂದಿಟ್ಟು ತಾನೂ ಕೂತಳು. "ನೀವು ಮಾಡಿದ್ದನ್ನ ನಾನು ಸಾಯೋವರೆಗೂ ಮರೆಯಲ್ಲ ರೀ. ನಮ್ಮಮ್ಮ ಕೂಡ ಅಷ್ಟು ಮಾಡ್ತಿರಲಿಲ್ಲ. ಆದ್ರೆ ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾನು ವಾಸಿಯಾಗೋದು ನಿಮಗೆ ಬೇಕಾ, ಬೇಡ್ವಾ?"

ಬೇಕು ಎನ್ನಲು ಎಷ್ಟು ಹೊತ್ತು ಬೇಕು? ಎರಡೇ ಅಕ್ಷರ. ಚಹಾ ಕೆನೆಗಟ್ಟುವವರೆಗೆ ನನ್ನ ಬಾಯಿಂದ ಬರಲಿಲ್ಲ. ಅವಳು ನನ್ನ ಕೈ ಮೇಲೆ ಕೈ ಇಟ್ಟಳು. ಕೋಲು ಹಿಡಿದು ಹಿಡಿದು ಅಂಗೈ ದಡ್ಡುಗಟ್ಟಿದೆ. ಯಾವಾಗ ಕಟ್ಟಿತೋ, ನಾನು ನೋಡಿರಲಿಲ್ಲ.

ಮೇ 4, ಸೋಮವಾರ

ಬೆಳಿಗ್ಗೆ ಎಂಟಕ್ಕೇ ಮೇಲಿನ ಮನೆಗೆ ಫೋನು ಮಾಡಿದೆ, ಅವಳ ಎದುರಿಗೇ. ಈಗ ನಿಜವಾಗಿಯೂ ಭರ್ತಿಯಾಗಿದೆ. ಮೇ ಪೂರ್ತಿ. ಒಂದು ಮೂಲೆಯಾದರೂ ಕೊಡಿ, ನೆಲದ ಮೇಲೆ ಮಲಗುತ್ತೇವೆ ಎಂದೆ. ಆತ ಪಾಪ ತುಂಬ ನೊಂದುಕೊಂಡ. ಮಧ್ಯಾಹ್ನ ಬಂದು ಊಟ ಮಾಡಿ ಹೋಗಿ, ಅಷ್ಟಾದರೂ ಮಾಡುತ್ತೇನೆ ಎಂದ.

ಹೆಂಡತಿಗೆ ಹೇಳಿದರೆ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನಗು ನಿಂತಿತು. ಹತ್ತಿ ಅಲ್ಲೇ ಉಳಿಯುವುದು ಮೂರು ಕಿಲೋಮೀಟರ್. ಹತ್ತಿ ಅದೇ ದಿನ ಇಳಿಯುವುದು ಆರು. ಅವಳು ಇದುವರೆಗೆ ಒಂದು ದಿನಕ್ಕೆ ನಡೆದಿರುವುದು ಹೆಚ್ಚೆಂದರೆ ನಾಲ್ಕು. ಬೇರೆ ಯಾರೂ ಈ ಲೆಕ್ಕ ಮಾಡಿಕೊಡಬೇಕಾಗಿಲ್ಲ, ಮಾಡಿದವನು ನಾನೇ.

ಮೇ 11, ಸೋಮವಾರ, ಗೆಸ್ಟ್‌ಹೌಸ್

ಬಂದು ಸೇರಿದೆವು. ಇಳಿಜಾರು, ಕಂಬಿ, ಎಲ್ಲ ನಾನು ಹೇಳಿದಂತೆಯೇ ಇದೆ. ಯಾರೂ ಅದನ್ನು ಮುಟ್ಟಲಿಲ್ಲ. ಕಿಟಕಿ ತೆರೆದರೆ ಮರಗಳು ಕೋಣೆಗೇ ನುಗ್ಗಿ ಬರುವಂತೆ ನಿಂತಿವೆ. ಹೆಂಡತಿ ಅಲ್ಲಿ ಕೂತವಳು ಊಟಕ್ಕೆ ಕರೆದರೂ ತಿರುಗಲಿಲ್ಲ.

ಮೇ 12, ಮಂಗಳವಾರ

ಬೆಳಿಗ್ಗೆ ಏಳಕ್ಕೆ ಹೊರಟೆವು. ಮಗಳು ಮುಂದೆ, ಹೆಂಡತಿ ನಡುವೆ, ನಾನು ಹಿಂದೆ. ಹತ್ತು ಹೆಜ್ಜೆ ಹಿಂದೆ ಇರಬೇಕೆಂದು ಅವಳ ಕಟ್ಟಪ್ಪಣೆ. ಹತ್ತಿರ ಬಂದರೆ ತಿರುಗಿ ನೋಡುತ್ತಿದ್ದಳು, ನಾನು ನಿಲ್ಲುತ್ತಿದ್ದೆ. ನೆಲದ ತುಂಬ ಒಣಗಿದ ಎಲೆ, ಬೇರುಗಳು ದಾರಿಗೆ ಅಡ್ಡ ಮಲಗಿದ್ದವು. ಪ್ರತಿ ಬೇರಿಗೂ ನನ್ನ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಕಡೆಗೆ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ.

ಹಲಗೆಯ ಸೇತುವೆಯನ್ನು ಅವಳು ದಾಟಿದಳು. ನಾನು ಕಣ್ಣು ಮುಚ್ಚಿಕೊಂಡಿದ್ದೆ, ಮಗಳು ಹೇಳಿದ್ದು.

ಸೇತುವೆಯ ಆಚೆ ಒಂದು ಚಪ್ಪಟೆ ಬಂಡೆ ಇದೆ. ಹತ್ತುವವರು, ಇಳಿಯುವವರು ಅದರ ಮೇಲೆ ಕೂತು ನೀರು ಕುಡಿದು ಹೋಗುತ್ತಾರೆ. ಅವಳೂ ಕೂತಳು. ತೊಡೆಯನ್ನು ಎರಡೂ ಕೈಯಲ್ಲಿ ಒತ್ತಿಕೊಂಡಳು. ಮೇಲಿನ ಮನೆಯ ಚಾವಣಿ ಮರಗಳ ಸಂದಿಯಲ್ಲಿ ಕಾಣುತ್ತಿತ್ತು. ಇನ್ನೊಂದು ಕಿಲೋಮೀಟರ್ ಇರಬೇಕು. ಅದನ್ನು ತುಂಬ ಹೊತ್ತು ನೋಡಿದಳು.

"ನಂಗಿಷ್ಟು ಸಾಕು. ವಾಪಸ್ ಹೋಗೋಕೂ ಕಾಲು ಬೇಕಲ್ಲ" ಎಂದಳು.

ರಾತ್ರಿ ಅಲ್ಲೇ ಉಳಿಯುವುದಾಗಿದ್ದರೆ ಆ ಒಂದು ಕಿಲೋಮೀಟರನ್ನೂ ಕೂತು ಎದ್ದು ಹೇಗಾದರೂ ಹತ್ತುತ್ತಿದ್ದಳು. ಎತ್ತಿಕೊಂಡು ಹೋಗಲೇ ಎಂಬ ಮಾತು ಗಂಟಲವರೆಗೆ ಬಂತು. ನುಂಗಿದೆ. ಸರಿ, ಎಲ್ಲರೂ ಇಳಿಯೋಣ ಎಂದೆ. ಅವಳು ಬೇಡವೆಂದು ತಲೆಯಾಡಿಸಿದಳು.

"ನೀವಿಬ್ರೂ ಹೋಗ್ಬನ್ನಿ. ಅವರು ಅಡುಗೆ ಮಾಡಿ ಕಾಯ್ತಿರ್ತಾರೆ."

"ನೀನು?"

"ನಾನಿಲ್ಲಿ ಇರ್ತೀನಿ."

ನೀರಿನ ಬಾಟಲಿ ಪಕ್ಕದಲ್ಲಿಟ್ಟು, ಟೋಪಿ ಕೊಟ್ಟು, ಬಿಸ್ಕತ್ತು ಕೊಟ್ಟು, ಇನ್ನೇನು ಕೊಡಲಿ ಎಂದು ಚೀಲ ತಡಕುತ್ತ ನಿಂತೆ. ಮಗಳು ನನ್ನ ಅಂಗಿ ಎಳೆದಳು. ಹೊರಟೆ. ಮೊದಲ ತಿರುವಿನವರೆಗೆ ಮೂರು ಸಲ ಹಿಂದೆ ನೋಡಿದೆ. ಅವಳು ನಮ್ಮ ಕಡೆ ನೋಡುತ್ತಿರಲಿಲ್ಲ. ತಲೆಯೆತ್ತಿ ಮರಗಳ ತುದಿ ನೋಡುತ್ತಿದ್ದಳು. ನಲವತ್ತಾರು ವರ್ಷದ ಗಂಡಸು ನಾನು, ಮರಗಳ ಮೇಲೆ ಹೊಟ್ಟೆಕಿಚ್ಚು ಪಟ್ಟೆ ಎಂದು ಬರೆಯಲು ನಾಚಿಕೆಯಾಗುತ್ತದೆ.

ಮೇಲಿನ ಮನೆ ಸಣ್ಣದು, ಹಳೆಯದು. ಹುಡುಗಿಯ ಸೋದರಮಾವ, ಎಲ್ಲಿ ನಿಮ್ಮ ಯಜಮಾನಿ ಎಂದು ನಮ್ಮ ಬೆನ್ನ ಹಿಂದೆ ಹುಡುಕಿದ. ಹೇಳಿದೆ. ನನ್ನ ಸುಳ್ಳಿನಿಂದಲೇ ಇಲ್ಲಿ ಉಳಿಯುವುದು ತಪ್ಪಿತು ಎಂಬುದನ್ನೂ ಹೇಳಿದೆ, ಮಗಳ ಎದುರಿಗೇ. ಆತ ನನ್ನ ತಟ್ಟೆಗೆ ಇನ್ನಷ್ಟು ಬಡಿಸಿದ. ಮಗಳು ಊಟ ಮುಗಿಯುವವರೆಗೆ ನನ್ನ ಜೊತೆ ಮಾತಾಡಲಿಲ್ಲ. ಇಳಿಯುವಾಗ ಅರ್ಧ ದಾರಿಗೆ ಬಂದ ಮೇಲೆ, ಅಮ್ಮನಿಗೆ ಗೊತ್ತಾ ಎಂದು ಕೇಳಿದಳು. ಗೊತ್ತು ಎಂದೆ. ಆಮೇಲೆ ನನ್ನ ಪಕ್ಕಕ್ಕೆ ಬಂದು ನಡೆದಳು.

ಬಂಡೆಯ ಹತ್ತಿರ ಬಂದಾಗ ಅಲ್ಲಿ ಯಾರೂ ಇರಲಿಲ್ಲ. ಬಾಟಲಿಯೂ ಇಲ್ಲ, ಕೋಲೂ ಇಲ್ಲ. ಮಗಳ ಮುಖ ಬಿಳಿಚಿಕೊಂಡಿತು. ಅಪ್ಪ, ಅಮ್ಮ ಎಲ್ಲಿ ಎಂದಳು.

"ಮುಂದೆ ಹೋಗಿರ್ತಾಳೆ" ಎಂದೆ.

ಬೂಟಿನ ದಾರ ಬಿಚ್ಚಿಕೊಂಡಿತ್ತು, ಬಂಡೆಯ ಮೇಲೆ ಕಾಲಿಟ್ಟು ಕಟ್ಟಿಕೊಂಡೆ. ಆಮೇಲೆ ಸೇತುವೆ ದಾಟಿದೆವು. ಎರಡನೇ ತಿರುವಿನಲ್ಲಿ, ತುಂಬ ಕೆಳಗೆ, ಅವಳ ಬೆನ್ನು ಕಂಡಿತು. ನಿಧಾನವಾಗಿ, ಪ್ರತಿ ಬೇರಿನ ಮುಂದೆ ನಿಂತು, ನೋಡಿಕೊಂಡು, ದಾಟಿ ಹೋಗುತ್ತಿದ್ದಳು. ಮಗಳು ಕೂಗಲು ಹೊರಟಳು. ಬೇಡ ಎಂದೆ.

ಗೆಸ್ಟ್‌ಹೌಸಿನ ಹತ್ತಿರ ಅವಳೇ ನಿಂತು ನಮ್ಮನ್ನು ಕೂಡಿಕೊಂಡಳು. ಮುಖ ಬೆವರಿ ಕೆಂಪಾಗಿತ್ತು, ಕಾಲು ಊದಿತ್ತು. ಅಷ್ಟು ಹೊತ್ತು ಒಬ್ಬಳೇ ಏನು ಮಾಡಿದೆ ಎಂದು ಕೇಳಿದೆ. ಏನೂ ಇಲ್ಲ, ಸುಮ್ಮನೆ ಕೂತಿದ್ದೆ ಎಂದಳು. ಹೇಳುವಾಗ ಏನನ್ನೋ ನೆನೆಸಿಕೊಂಡು ನಕ್ಕಳು. ಆ ನಗು ಯಾವುದಕ್ಕೆ ಎಂದು ತಿಳಿಯಬೇಕೆಂದು ಎದೆಯೆಲ್ಲ ಕುದಿಯಿತು, ಈಗಲೂ ಕುದಿಯುತ್ತಿದೆ.

ಕೇಳಲಿಲ್ಲ.